ಪದ ಬೇಕು: ಮೈಟರ್, ಕೋಪ್, ಕಾಕ್ (ನಾಳೆ ಸಂಜೆ ಅಚ್ಚಿಗೆ)

ಅನುವಾದಕಿ, ನ್ಯೂಜೆರ್ಸಿ:

ಎಲ್ಲರಿಗೂ ನಮಸ್ಕಾರ. ಅಮೆರಿಕದಲ್ಲಿ ಮನೆ ಕೊಳ್ಳುವ ಕನ್ನಡಿಗರಿಗಾಗಿ ನಾಲ್ಕು ಪುಟದ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಸಂಜೆ ಅಚ್ಚಿಗೆ ಹೋಗಬೇಕು. ವಿಷಯ ‘ಫ್ಲಿಪ್’ ಮನೆಗಳದ್ದು: ಹಳೇ ಮನೆಯನ್ನು ಅಗ್ಗಕ್ಕೆ ಕೊಂಡು, ಎರಡು ಮೂರು ತಿಂಗಳಲ್ಲಿ ಮೇಲ್ನೋಟಕ್ಕೆ ಹೊಸದು ಮಾಡಿ ಲಾಭಕ್ಕೆ ಮಾರುವುದು. ಮಾರುವವರ ಕೈಗೆ ಬಂದು 90 ದಿನ ಕಳೆಯದ ಮನೆಗೆ, ಕೆಲವು ವಿನಾಯಿತಿ ಬಿಟ್ಟರೆ, ಎಫ್‌ಎಚ್‌ಎ (ಮನೆಸಾಲಕ್ಕೆ ವಿಮೆ ಕೊಡುವ ಅಮೆರಿಕ ಸರ್ಕಾರದ ಸಂಸ್ಥೆ) ವಿಮೆಯ ಸಾಲ ಸಿಗುವುದಿಲ್ಲ; ಆ ಭಾಗವೆಲ್ಲ ಮುಗಿಯಿತು. ಸಿಕ್ಕಿಕೊಂಡಿರುವುದು ಮರಗೆಲಸದ ಪುಟದಲ್ಲಿ.

ಫ್ಲಿಪ್ ಮನೆಗೇ ಒಂದು ಪದ ಬೇಕು. ಗೋಡೆ ಬುಡದ ಮರದ ಪಟ್ಟಿಗಳು ಮೂಲೆಯಲ್ಲಿ ಸೇರುವ ಎರಡು ಬಗೆ, ಮೈಟರ್ ಮತ್ತು ಕೋಪ್, ಅವಕ್ಕೆ ಬೇಕು. ‘ಕೋಪ್ ಮಾಡಿದ ಮೂಲೆ’ ಎಂದು ಬರೆದರೆ ಮೂಲೆಗೆ ಸಿಟ್ಟು ಬಂದ ಹಾಗಿದೆ. ಕಾಕ್, ಅಂದರೆ ಟ್ಯೂಬಿನಿಂದ ಹಿಂಡಿ ಬಿರುಕು ಮುಚ್ಚುವ ಮೆತ್ತನೆ ಸಾಮಾನು, ಅದಕ್ಕೊಂದು. ಪುಟದ ತಲೆಬರಹಕ್ಕೆ ‘ಕಳಪೆ ಕಾಮಗಾರಿ’ ಬೇಡ, ರಸ್ತೆ ಗುಂಡಿಯ ಸುದ್ದಿ ಓದಿದ ಹಾಗಾಗುತ್ತದೆ.

ಅಚ್ಚಗನ್ನಡಿಗ:

ಇದರಲ್ಲಿ ತೊಡಕೇನಿದೆ? ಮಯ್ಟರ್: ಓರೆಸಂದು. ಕೋಪ್: ಕೊರೆಸಂದು. ಕಾಕ್: ಮೆತ್ತು. ಪ್ಲಿಪ್ ಮನೆ: ಮಗುಚುಮನೆ. ದೋಸೆ ಮಗುಚುವ ಹಾಗೆ, ಒಂದು ಬದಿ ಬೆಂದರೆ ಸಾಕು, ತಟ್ಟೆಗೆ. ಬಾಗಿಲ ಸುತ್ತಲಿನ ಪಟ್ಟಿಗೂ ಒಂದು ಹೆಸರು ಬೇಕಾದೀತು, ಈಗಲೇ ಹೇಳಿಬಿಡುತ್ತೇನೆ: ಬಾಯ್ಪಟ್ಟಿ. ಬಾಗಿಲು ಅನ್ನುವುದೇ ಬಾಯ್ + ಇಲ್, ಮನೆಯ ಬಾಯಿ. ತಮಿಳಿನ ವಾಯಿಲ್ ನೋಡಿ. ಎರವಲಿಗೆ ಕಯ್ ಚಾಚುವ ಮುಂಚೆ ನಮ್ಮ ಮನೆಯ ಬಾಯನ್ನು ಒಮ್ಮೆ ನೋಡಿಕೊಳ್ಳಬಹುದಲ್ಲ?

ಉಳಿಸುತ್ತಿಗೆ:

ಬಾಯ್ಪಟ್ಟಿ ಅಂದರೆ ಬಾಯಿಗೆ ಬಟ್ಟೆ ಕಟ್ಟಿದ್ದು. ಬಿಡಿ.

‘ಸಂದು’ ಇಲ್ಲಿ ಬೇಡವೇ ಬೇಡ. ಕೂಡುವ ಜಾಗವೂ ಸಂದು, ಬಿರುಕೂ ಸಂದು. ‘ಮೂಲೆಯಲ್ಲಿ ಓರೆಸಂದು ಇದೆಯೇ ನೋಡಿ’ ಎಂದರೆ ಓದಿದವರು ಬಿರುಕು ಹುಡುಕುತ್ತಾ ಕೂರುತ್ತಾರೆ. ತಪ್ಪು ಹಿಡಿಯುವ ಕೈಪಿಡಿಯಲ್ಲಿ ಸರಿಗೂ ತಪ್ಪಿಗೂ ಒಂದೇ ಪದ ಇಟ್ಟು ಏನು ಪ್ರಯೋಜನ?

ಮೇಡಂ, ಮೊದಲು ಕೆಲಸ ನೋಡಿ. ಮೈಟರ್‌ನಲ್ಲಿ ಎರಡೂ ಪಟ್ಟಿಯ ತುದಿಯನ್ನು 45 ಡಿಗ್ರಿಗೆ ಓರೆ ಕೊಯ್ದು ಎದುರುಬದುರು ಕೂಡಿಸುತ್ತಾರೆ. ಹೊರಮೂಲೆಗೆ ಅದೇ ಸರಿ, ಗೋಂದು ಹಚ್ಚಿ ಎರಡೂ ಕಡೆಯಿಂದ ಮೊಳೆ ಹೊಡೆದರೆ ನಿಲ್ಲುತ್ತದೆ. ಒಳಮೂಲೆಗೆ ಅಲ್ಲ. ಅಮೆರಿಕದಲ್ಲಿ ಗೋಡೆ ಜಿಪ್ಸಮ್ ಹಲಗೆಯದು. ಮೂಲೆಗೆ ಟೇಪು ಅಂಟಿಸಿ, ಮೇಲೆ ಎರಡು ಮೂರು ಕೈ ಪುಟ್ಟಿ ಎಳೆದಿರುತ್ತಾರೆ. ಸರಿಯಾಗಿ 90 ಇರುವ ಮೂಲೆ ಅಪರೂಪ. ಯಂತ್ರವನ್ನು 45ಕ್ಕೆ ಇಟ್ಟು ಕೊಯ್ದ ಎರಡು ತುದಿ 91 ಡಿಗ್ರಿಯ ಮೂಲೆಯಲ್ಲಿ ಹಿಂದೆ ಮುಟ್ಟಿ ಮುಂದೆ ಬಾಯಿಬಿಡುತ್ತವೆ. ಗೋಡೆ ಒಳಸರಿದ ಕಡೆ ಮೊಳೆ ಹೊಡೆದರೆ ಪಟ್ಟಿ ಹಿಂದಕ್ಕೆಳೆದು ಇನ್ನೂ ಬಿಡುತ್ತದೆ. ಚಳಿಗಾಲದಲ್ಲಿ ಹೀಟರ್ ಓಡಿ ಮನೆ ಒಣಗಿದಾಗ ಮರ ಅಗಲಕ್ಕೆ ಕುಗ್ಗುತ್ತದೆ (ಉದ್ದಕ್ಕೆ ಕುಗ್ಗುವುದು ನಗಣ್ಯ), ಉಳಿದದ್ದೂ ತೆರೆಯುತ್ತದೆ.

ಕೋಪ್‌ನಲ್ಲಿ ಮೊದಲ ಪಟ್ಟಿಯನ್ನು ನೇರ ಕೊಯ್ದು ಗೋಡೆಗೆ ತಾಗಿಸಿ ಬಡಿಯುತ್ತಾರೆ. ಎರಡನೆಯದನ್ನು 45ಕ್ಕೆ ಕೊಯ್ದರೆ ಮುಖದ ಅಂಚಿನಲ್ಲಿ ಪಟ್ಟಿಯ ಉಬ್ಬುತಗ್ಗಿನ ಗೆರೆ ಎದ್ದು ಕಾಣುತ್ತದೆ. ಆ ಗೆರೆ ಹಿಡಿದು ಸಣ್ಣ ಎಲೆಯ ಗರಗಸದಲ್ಲಿ ಕೊರೆದು, ಹಿಂಬದಿಯ ಮರವನ್ನು ಇನ್ನೂ ಒಳಕ್ಕೆ ತೆಗೆಯುತ್ತಾರೆ. ಆಗ ಮುಂದಿನ ತೆಳು ಅಂಚು ಮಾತ್ರ ಮೊದಲ ಪಟ್ಟಿಯ ಮೈಮೇಲೆ ಕೂರುತ್ತದೆ. ಅಳತೆಗಿಂತ 1/16 ಇಂಚು ಉದ್ದ ಬಿಟ್ಟು, ತುಸು ಬಗ್ಗಿಸಿ ಒಳಗೆ ತಳ್ಳಿದರೆ ತಾನೇ ಬಿಗಿಯಾಗುತ್ತದೆ. ಮೂಲೆ 88 ಇರಲಿ, 92 ಇರಲಿ, ಬಿರುಕು ಕಾಣದು. ಆದರೆ ಒಂದೊಂದು ಮೂಲೆಗೂ ಅಷ್ಟು ಹೊತ್ತು ಹೆಚ್ಚು ಹಿಡಿಯುತ್ತದೆ. ಫ್ಲಿಪ್ ಮಾಡುವವರು ಉಳಿಸುವುದು ಆ ಹೊತ್ತನ್ನೇ. ಆಮೇಲೆ ಟ್ಯೂಬು ಬರುತ್ತದೆ.

ನಿಘಂಟುಪ್ರಿಯ:

ಅಚ್ಚಗನ್ನಡಿಗರ ಗಮನಕ್ಕೆ: ಸಂದು, ‘ಸಂಧಿ’ಯ ತದ್ಭವ. ಪಟ್ಟಿ, ‘ಪಟ್ಟಿಕಾ’. ಗರಗಸ, ‘ಕ್ರಕಚ’. ಬಡಗಿ, ‘ವರ್ಧಕಿ’, ಪ್ರಾಕೃತದ ಮೂಲಕ ಬಂದವನು. ಇವರನ್ನೆಲ್ಲ ಹೊರಗೆ ಕಳಿಸಿದ ಮೇಲೆ ಆ ಮನೆಯಲ್ಲಿ ಉಳಿಯುವವರು ಉಳಿ, ಮೊಳೆ ಮತ್ತು ನೀವು. ಅನುವಾದಕಿಯವರೇ, ‘ಕೋನಸಂಧಿ’ ಎಂದು ಬರೆಯಿರಿ. ಸಂಸ್ಕೃತ, ಕನ್ನಡ ಬೆರೆಸುವ ಅರಿಸಮಾಸದ ತಂಟೆಯೂ ಇಲ್ಲ.

ಅಚ್ಚಗನ್ನಡಿಗ:

ಕೋನಸಂದಿಯನ್ನು ಲೋಪ, ಆಗಮ, ಆದೇಶಗಳ ಪಕ್ಕದಲ್ಲೇ ಕೂರಿಸಿ, ಹಯ್ಸ್ಕೂಲ್ ಮಕ್ಕಳಿಗೆ ಒಂದು ಅಂಕ ಹೆಚ್ಚು ಸಿಗಲಿ.

ವರ್ದಕಿ ಬಡಗಿಯಾಗಿದ್ದು ನಾಲಗೆಯಲ್ಲಿ ಪಳಗಿ, ನೂರಾರು ವರುಶ ಉಜ್ಜಿ. ಮಯ್ಟರ್ ನಿನ್ನೆ ಬಂತು. ಪಳಗಿದ್ದಕ್ಕೂ ಪಳಗದ್ದಕ್ಕೂ ಇರುವ ಅಂತರ ಗೊತ್ತಿಲ್ಲದವರು ನಿಗಂಟು ಮುಚ್ಚಿಡುವುದು ಒಳ್ಳೆಯದು. ಅಂದ ಹಾಗೆ ಚೌಕಟ್ಟಿನಲ್ಲಿರುವ ‘ಕಟ್ಟು’ ನಮ್ಮದೇ.

ನಿಘಂಟುಪ್ರಿಯ:

ಅಲ್ಲ. ಹಿಂದಿಯ ಚೌಖಟ್ ಅದರ ಒಡಹುಟ್ಟು. ಮೂಲ ಚತುಷ್ಕಾಷ್ಠ, ನಾಲ್ಕು ಮರ. ‘ಕಟ್ಟು’ ನಮ್ಮ ಕಿವಿ ಆಮೇಲೆ ಕೇಳಿಸಿಕೊಂಡದ್ದು. ನಿಘಂಟು ಮುಚ್ಚಿಡುವ ಮುಂಚೆ ನೋಡಿದ್ದು.

ಹುಬ್ಬಳ್ಳಿ ಕಡೆಯವ:

ಇಬ್ಬರೂ ಸ್ವಲ್ಪ ತಡೀರಿ. ಮಗುಚುಮನಿ ಅಂದ್ರ ಮನಿ ಬಿತ್ತು ಅಂತ ತಿಳಕೋತಾರ. ದೋಣಿ ಮಗುಚಿದ ಸುದ್ದಿ ಪೇಪರಿನ್ಯಾಗ ಓದಿಲ್ಲೇನು?

ಇನ್ನ ಬಡಿಗೇರ ಬಾಯಾಗಿನ ಮಾತು. ನಮ್ಮಲ್ಲಿ ಗ್ವಾಡಿ ಬುಡಕ್ಕ ಟೈಲ್ಸು, ಇಲ್ಲಾ ಗ್ರಾನೈಟಿನ ಸ್ಕರ್ಟಿಂಗು, ನಾಕಿಂಚು, ಸಿಮೆಂಟಿನ್ಯಾಗ ಕೂಡಸ್ತಾರ. ಅದು ಗೌಂಡಿ ಕೆಲಸ, ಬಡಿಗೇರಂದಲ್ಲ. ಮರದ ಪಟ್ಟಿ ಅಂದ್ರ ಬಾಗಲಾ ಚೌಕಟ್ಟಿಗೂ ಗಿಲಾವಿಗೂ ನಡುವಿನ ಬಿರುಕು ಮುಚ್ಚೂ ಬೀಡಿಂಗು. ಅದರ ಮೂಲಿ ಎಲ್ಲಾ ‘ಫೋರ್ಟಿಫೈವ್ ಕಟ್’. ಕೋಪ್ ಮಾಡೂ ಪದ್ಧತಿನ ಇಲ್ಲ, ಪದ ಎಲ್ಲಿಂದ ಬರಬೇಕು? ಇಲ್ಲದ ಕೂಸಿಗೆ ಕುಲಾಯಿ ಹೊಲಿಯಾಕ ಹತ್ತೀರಿ.

ಉಳಿಸುತ್ತಿಗೆ:

ಅದೇ ನಾನೂ ಹೇಳುವುದು. ಪದ್ಧತಿ ಇಲ್ಲದ ಕಡೆ ಒಂದೇ ಪದ ಸಾಲದು, ಮಾಡಿದ್ದನ್ನು ಹೇಳಿ: ‘ಓರೆ ಕೊಯ್ದು ಕೂಡಿಸಿದ್ದು’, ‘ಕೊರೆದು ಕೂಡಿಸಿದ್ದು’. ಉದ್ದವಾದರೂ ಓದಿದವರಿಗೆ ಏನು ನೋಡಬೇಕೆಂದು ತಿಳಿಯುತ್ತದೆ.

‘ಮೆತ್ತು’ ಮಾತ್ರ ಒಪ್ಪಿದೆ. ಆದರೆ ಮೆತ್ತುವುದೇ ತಪ್ಪು ಎನ್ನುವ ಹಾಗೆ ಬರೆಯಬೇಡಿ. ಪಟ್ಟಿಯ ಮೇಲಂಚಿಗೂ ಗೋಡೆಗೂ ನಡುವಿನ ಕೂದಲೆಳೆ ಬಿರುಕಿಗೆ ಬಣ್ಣ ಹಿಡಿಯುವ ಅಕ್ರಿಲಿಕ್ ಮೆತ್ತು ಹಾಕುವುದು ಸರಿಯಾದ ಕೆಲಸವೇ. ಬರೀ ಸಿಲಿಕೋನ್ ಆದರೆ ಮೇಲೆ ಬಣ್ಣ ನಿಲ್ಲುವುದಿಲ್ಲ. ತಪ್ಪು ಯಾವುದೆಂದರೆ ಕಾಲು ಇಂಚು ಬಿಟ್ಟ ಮೂಲೆಯನ್ನು ಮೆತ್ತಿನಲ್ಲೇ ಕಟ್ಟುವುದು. ಒಣಗಿದಾಗ ಅದು ಕುಗ್ಗಿ ಗುಳಿ ಬೀಳುತ್ತದೆ, ಒಂದು ಚಳಿಗಾಲ ಕಳೆದರೆ ಸೀಳುತ್ತದೆ. ಮೂಲೆಯಲ್ಲಿ ಉಗುರು ಒತ್ತಿ ನೋಡಲು ಬರೆಯಿರಿ: ರಬ್ಬರಿನಂತೆ ಒಳಗೆ ಹೋದರೆ ಅಲ್ಲಿ ಮರವಿಲ್ಲ. ಟಾರ್ಚನ್ನು ಗೋಡೆಗೆ ಒರಗಿಸಿ ಅಡ್ಡಬೆಳಕು ಬಿಟ್ಟರೆ ಮುಚ್ಚದ ಮೊಳೆಗುಳಿ, ಅಲೆಯಲೆ ಪುಟ್ಟಿ ಎಲ್ಲ ಕಾಣುತ್ತದೆ. ಬಾಗಿಲ ಹಿಂದೆ, ಬಟ್ಟೆ ಗೂಡಿನ ಒಳಗೆ ಮೊದಲು ನೋಡಲಿ. ಅಲ್ಲಿ ಯಾರೂ ನೋಡುವುದಿಲ್ಲ ಎಂದು ತುಂಡುಪಟ್ಟಿ ಜೋಡಿಸಿರುತ್ತಾರೆ.

ಇನ್ನೊಂದು ಗುರುತು, ಪಟ್ಟಿಯ ಪಾದಕ್ಕೆ, ಉರುಟು ಕೋಲನ್ನು ಉದ್ದಕ್ಕೆ ನಾಲ್ಕಾಗಿ ಸೀಳಿದಂಥ ಇನ್ನೊಂದು ಸಣ್ಣ ಪಟ್ಟಿ. ಅದಿದ್ದರೆ ತಪ್ಪೇ ಎಂದಲ್ಲ, ಆದರೆ ಹಳೇ ಪಟ್ಟಿ ಕೀಳದೆ ಹೊಸ ಲ್ಯಾಮಿನೇಟ್ ನೆಲ ಹಾಸಿ, ಬಿಟ್ಟ ಜಾಗವನ್ನು ಅದರಲ್ಲಿ ಮುಚ್ಚುವುದು ಬಹಳ ಕಡೆ ಇದೆ. ಅದರ ಮೊಳೆ ಗೋಡೆಪಟ್ಟಿಗೆ ಹೋಗಬೇಕು. ನೆಲದೊಳಕ್ಕೆ ಇಳಿದರೆ ಹಿಗ್ಗಲು ಬಿಟ್ಟ 1/4 ಇಂಚಿನ ತೆರಪಿದ್ದೂ ಇಲ್ಲದಂತೆ, ಬೇಸಿಗೆಯ ತೇವಕ್ಕೆ ಹಲಗೆ ನಡುವೆ ಉಬ್ಬುತ್ತದೆ. ಬಚ್ಚಲಿನಲ್ಲಿ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಪಟ್ಟಿಯ ಕೆಳಅಂಚು ನೆನೆದ ಬಿಸ್ಕತ್ತಿನಂತೆ ಊದಿಕೊಂಡಿದ್ದರೆ ಅದನ್ನು ಹೊಸದು ಹಾಕಬೇಕೇ ಹೊರತು ಬಣ್ಣ ಬಳಿದು ಪ್ರಯೋಜನವಿಲ್ಲ. 1978ಕ್ಕೆ ಮುಂಚೆ ಕಟ್ಟಿದ ಮನೆಯಾದರೆ ಹಳೇ ಪಟ್ಟಿಯ ಬಣ್ಣದಲ್ಲಿ ಸೀಸ ಇರಬಹುದು. ಒಣ ಉಜ್ಜುಕಾಗದ ಹಾಕಿದ ಗುರುತಿದ್ದರೆ ಆ ಸೀಸ ಧೂಳಾಗಿ ಹರಡಿರಬಹುದು, ಅದಕ್ಕೆ ಪ್ರತ್ಯೇಕ ಸಾಲು ಬರೆಯಿರಿ.

ಬಾಗಿಲ ಪಟ್ಟಿ ಚೌಕಟ್ಟಿನ ಅಂಚಿಗೆ ಸಮ ಕೂರಬಾರದು, ಮೂರೂ ಕಡೆ 3/16 ಇಂಚು ಒಂದೇ ಸಮ ಹಿಂದೆ ನಿಲ್ಲಬೇಕು. ಮೇಲೆ ಒಂದು, ಕೆಳಗೆ ಒಂದು ಅಳತೆ ಇದ್ದರೆ ಪೆನ್ಸಿಲ್ ಗೀಟು ಎಳೆಯದೆ ಕಣ್ಣಂದಾಜಿನಲ್ಲಿ ಬಡಿದಿದ್ದಾರೆ.

ಅಚ್ಚಗನ್ನಡಿಗ:

ಮೆತ್ತು ಉಳಿಯಿತು. ನಾಲ್ಕರಲ್ಲಿ ಒಂದು. ಬರೆದಿಟ್ಟುಕೊಳ್ಳಿ.

ಅನುವಾದಕಿ, ನ್ಯೂಜೆರ್ಸಿ:

ಎಲ್ಲರಿಗೂ ಧನ್ಯವಾದ, ಮುಖ್ಯವಾಗಿ ಉಗುರಿನ ಪರೀಕ್ಷೆಗೆ. ಕಳಿಸಿದ್ದು ಹೀಗೆ: ‘ಫ್ಲಿಪ್ ಮನೆ’ ಹಾಗೇ ಉಳಿಯಿತು, ಮೊದಲ ಸಲ ಬಂದಲ್ಲಿ ಒಂದು ಸಾಲಿನ ವಿವರಣೆ ಕೊಟ್ಟಿದ್ದೇನೆ. ಕಾಕ್‌ಗೆ ‘ಮೆತ್ತು’. ಚಿತ್ರದ ಕೆಳಗೆ ಜಾಗ ಸಾಲದ್ದಕ್ಕೆ ‘ಓರೆಕೂಡಿಕೆ’, ‘ಕೊರೆಕೂಡಿಕೆ’ ಎಂದು ಹಾಕಿ, ಒಳಗೆ ಉಳಿಸುತ್ತಿಗೆಯವರ ಹಾಗೆ ಬಿಡಿಸಿ ಬರೆದಿದ್ದೇನೆ. ತಲೆಬರಹ, ಗಾದೆಯದೇ: ‘ಮೇಲೆ ಥಳಕು ಒಳಗೆ ಹುಳುಕು’.

ಅಚ್ಚಗನ್ನಡಿಗ:

‘ತಳಕು’. ಆ ಹೊಟ್ಟೆ ಸೀಳಿದ ಥ ಯಾಕೆ?

ಅನುವಾದಕಿ, ನ್ಯೂಜೆರ್ಸಿ:

ಅಚ್ಚಾಗುತ್ತಿದೆ ಸಾರ್. ಥ ಇದ್ದ ಹಾಗೇ ಹೋಯಿತು.

ಹುಬ್ಬಳ್ಳಿ ಕಡೆಯವ:

ಕೂಡಿಕಿ ಅಂದ್ರ ನಮ್ಮ ಕಡೆ ಎರಡನೇ ಮದುವಿ. ಇರಲಿ ಬಿಡ್ರಿ, ಫ್ಲಿಪ್ ಮನಿಗೆ ಅದೂ ಹೊಂದತೈತಿ.