ಪ್ರಶ್ನೋತ್ತರ: ನನ್ನ ಲ್ಯಾಪ್‌ಟಾಪಲ್ಲಿ ಓಡುವ ಪ್ರೋಗ್ರಾಂ ತೋಟದ ಆಫೀಸಲ್ಲಿ ಯಾಕೆ ಓಡಲ್ಲ?

ಸುಂಟಿಕೊಪ್ಪದ ಸದಸ್ಯ:
ಎಲ್ಲರಿಗೂ ನಮಸ್ಕಾರ. ಮಾವನ ತೋಟಕ್ಕೆ ಅಂತ ಒಂದು ಸಣ್ಣ ಪ್ರೋಗ್ರಾಂ ಬರೆದಿದ್ದೇನೆ. ರೊಬಸ್ಟಾ ಕುಯ್ಲಲ್ಲಿ ಯಾರು ಎಷ್ಟು ಕೆಜಿ ಕುಯ್ದರು, ಶನಿವಾರದ ಬಟವಾಡೆ ಎಷ್ಟು, ಅಡ್ವಾನ್ಸ್ ಎಷ್ಟು ಹಿಡೀಬೇಕು, ಇಷ್ಟೇ ಲೆಕ್ಕ. ಬರೆದದ್ದು ಪೈಥಾನ್ ಭಾಷೆಯಲ್ಲಿ, ಪರದೆಯ ಕಿಟಕಿಗೆ ಟಿಕಿಂಟರ್, ಡೇಟಾಬೇಸಿಗೆ ಎಸ್‌ಕ್ಯೂಲೈಟ್ ಬಳಸಿದ್ದೇನೆ. ಪೈಥಾನ್ ಇಲ್ಲದ ಯಂತ್ರದಲ್ಲೂ ಓಡುವ ಹಾಗೆ ಕಟ್ಟಿಕೊಡುವ ಪೈಇನ್‌ಸ್ಟಾಲರ್‌ನಲ್ಲಿ ಒನ್‌ಫೈಲ್ (ಎಲ್ಲ ಒಂದೇ ಫೈಲಲ್ಲಿ), ನೋಕನ್ಸೋಲ್ (ಕಪ್ಪು ಕಿಟಕಿ ಬೇಡ) ಎರಡೂ ಕೊಟ್ಟು ಒಂದೇ ಇಎಕ್ಸ್‌ಇ ಮಾಡಿ ಪೆನ್‌ಡ್ರೈವಲ್ಲಿ ಹಾಕ್ಕೊಂಡು ಹೋದೆ. ನನ್ನ ಲ್ಯಾಪ್‌ಟಾಪಲ್ಲಿ ಆ ಇಎಕ್ಸ್‌ಇ ಚೆನ್ನಾಗೇ ಓಡಿತ್ತು. ತೋಟದ ಆಫೀಸಲ್ಲಿ ಡಬಲ್ ಕ್ಲಿಕ್ ಮಾಡಿದರೆ 'ಫೇಲ್ಡ್ ಟು ಎಕ್ಸಿಕ್ಯೂಟ್ ಸ್ಕ್ರಿಪ್ಟ್' ಅಂತ ಒಂದು ಪೆಟ್ಟಿಗೆ ಬಂತು. ಓಕೆ ಒತ್ತಿದರೆ ಅದೂ ಮಾಯ. ಮೂರು ಸಲ ಹೊಸದಾಗಿ ಬಿಲ್ಡ್ ಮಾಡಿ ಮೂರು ಸಲ ಹೋಗಿ ಬಂದೆ. ರೈಟ್ರು, ಅಂದ್ರೆ ತೋಟದ ಗುಮಾಸ್ತರು, ಮಾತಾಡದೆ ಕೆಲಸದವರ ಲೆಕ್ಕ ಬರೆಯುವ ಚೆಕ್‌ರೋಲ್ ಪುಸ್ತಕ ಮತ್ತೆ ಹೊರಗೆ ತೆಗೆದರು. ಎಲ್ಲಿ ತಪ್ಪಿದೆ?

ಉತ್ತರ (ಮಡಿಕೇರಿ):
ನೋಕನ್ಸೋಲ್ ಕೊಟ್ಟು ನೀವು ಪ್ರೋಗ್ರಾಮಿನ ಬಾಯಿ ಕಟ್ಟಿದ್ದೀರಿ. ಬಾಯಿ ಕಟ್ಟಿದ ಮೇಲೆ ಎಲ್ಲಿ ನೋವು ಅಂತ ಕೇಳಿದರೆ ಅದು ಏನು ಹೇಳೀತು? ಮೊದಲು ಆ ಆಯ್ಕೆ ತೆಗೆದು ಕನ್ಸೋಲ್ ಇರುವ ಹಾಗೆ ಬಿಲ್ಡ್ ಮಾಡಿ. ಆಮೇಲೆ ಡಬಲ್ ಕ್ಲಿಕ್ ಮಾಡದೆ ಕಮಾಂಡ್ ಪ್ರಾಂಪ್ಟ್ ತೆರೆದು, ಅಲ್ಲಿಂದ ಇಎಕ್ಸ್‌ಇ ಓಡಿಸಿ. ಡಬಲ್ ಕ್ಲಿಕ್ಕಲ್ಲಿ ಕಪ್ಪು ಕಿಟಕಿ ಮಿಂಚಿ ಮುಚ್ಚಿಕೊಳ್ಳುತ್ತೆ, ಪ್ರಾಂಪ್ಟಲ್ಲಿ ಎರರ್ ಉಳಿದಿರುತ್ತೆ. ಕೊನೆಯ ಸಾಲು ಮಾತ್ರ ಅಲ್ಲ, ಪೂರ್ತಿ ಎರರ್ ಹಾಕಿ.

ಇನ್ನೊಂದು ಅನುಮಾನ. ನಿಮ್ಮ ಲ್ಯಾಪ್‌ಟಾಪಲ್ಲಿ ಓಡಿತು ಅಂದ್ರಲ್ಲ, ಓಡಿಸಿದ್ದು ಕೋಡ್ ಬರೆಯುವ ವಿಎಸ್ ಕೋಡ್‌ನ ಟರ್ಮಿನಲ್ಲಿಂದಾನಾ? ಹೌದಾದರೆ ಅದನ್ನು ಪರೀಕ್ಷೆ ಅನ್ನೋಕಾಗಲ್ಲ. ಟರ್ಮಿನಲ್ ನಿಂತಿರೋದು ನಿಮ್ಮ ಪ್ರಾಜೆಕ್ಟ್ ಫೋಲ್ಡರಲ್ಲಿ, ಪ್ರೋಗ್ರಾಮಿಗೆ ಬೇಕಾದ ಫೈಲೆಲ್ಲ ಅದರ ಕಾಲ ಬುಡದಲ್ಲೇ ಬಿದ್ದಿರುತ್ತವೆ. ಇಎಕ್ಸ್‌ಇ ಒಂದನ್ನೇ ಡೆಸ್ಕ್‌ಟಾಪಿಗೆ ಎಳೆದು ಅಲ್ಲಿಂದ ಓಡಿಸಿ ನೋಡಿ. ನಿಮ್ಮಲ್ಲೂ ಬಿದ್ದರೆ ತೋಟಕ್ಕೆ ಹೋಗುವ ಪೆಟ್ರೋಲ್ ಉಳಿಯಿತು.

ಸುಂಟಿಕೊಪ್ಪದ ಸದಸ್ಯ:
ಸಾರ್, ಹೌದು, ಟರ್ಮಿನಲ್ಲಿಂದಲೇ ಓಡಿಸಿದ್ದು. ಡೆಸ್ಕ್‌ಟಾಪಿಗೆ ಹಾಕಿದ ಕೂಡಲೇ ನನ್ನಲ್ಲೂ ಬಿತ್ತು. ಎರರ್ ಏನೆಂದರೆ ಮೇಲ್ಗಡೆ ಹಾಕುವ ಲೋಗೋ ಚಿತ್ರದ ಫೈಲ್ ಸಿಗ್ತಿಲ್ಲ, 'ನೋ ಸಚ್ ಫೈಲ್'.

ಉತ್ತರ:
ಒಂದು ಚಿತ್ರಕ್ಕೆ ಇಷ್ಟು ಓಡಾಟ. ಪೈಇನ್‌ಸ್ಟಾಲರ್ ನಿಮ್ಮ ಕೋಡಿನ ಇಂಪೋರ್ಟ್ ಸಾಲುಗಳನ್ನು ಓದಿ ಯಾವ ಲೈಬ್ರರಿ ಬೇಕು ಅಂತ ತಿಳ್ಕೊಳ್ಳುತ್ತೆ. ಚಿತ್ರ, ಫಾಂಟ್, ಟೆಂಪ್ಲೇಟ್ ಅದರ ಕಣ್ಣಿಗೆ ಬೀಳಲ್ಲ. ಅವನ್ನು 'ಆಡ್ ಡೇಟಾ' ಆಯ್ಕೆಯಲ್ಲಿ ನೀವೇ ಹೆಸರಿಸಿ ಕೊಡಬೇಕು.

ಕೊಟ್ಟರೂ ಅರ್ಧ ಕೆಲಸವೇ. ಒನ್‌ಫೈಲ್ ಇಎಕ್ಸ್‌ಇ ನಿಜವಾಗಿ ಒಂದು ಕಟ್ಟಿದ ಮೂಟೆ. ಓಡಿಸಿದಾಗಲೆಲ್ಲ ವಿಂಡೋಸಿನ ಟೆಂಪ್ ಫೋಲ್ಡರಲ್ಲಿ 'ಅಂಡರ್‌ಸ್ಕೋರ್ ಎಂಇಐ' ಅಂತ ಶುರುವಾಗಿ ಮುಂದೆ ಅಂಕಿಗಳಿರುವ ಹೊಸ ಫೋಲ್ಡರ್ ಮಾಡಿ, ಮೂಟೆ ಅಲ್ಲಿ ಬಿಚ್ಚಿ, ಅಲ್ಲಿಂದ ಓಡುತ್ತೆ. ನಿಮ್ಮ ಚಿತ್ರವೂ ಅಲ್ಲೇ. ಬರೀ ಫೈಲಿನ ಹೆಸರು ಕೊಟ್ಟರೆ ಅದು ಆಗ ನಿಂತಿರುವ ಫೋಲ್ಡರಲ್ಲಿ ಹುಡುಕುತ್ತೆ. ಹಾಗಾಗಿ ಕೋಡ್ ಫೈಲ್ ಎಲ್ಲಿದೆಯೋ ಅಲ್ಲಿಂದ ದಾರಿ ಕಟ್ಟಿ. ಪೈಥಾನಿನ 'ಫೈಲ್' ಅನ್ನೋ ಎರಡೆರಡು ಅಂಡರ್‌ಸ್ಕೋರಿನ ವೇರಿಯೆಬಲ್ ಇದೆಯಲ್ಲ, ಅದು ಮೂಟೆ ಬಿಚ್ಚಿದ ಜಾಗವನ್ನೇ ತೋರಿಸುತ್ತೆ. ಒಂದು ಸಣ್ಣ ಫಂಕ್ಷನ್ ಬರೆದುಕೊಂಡರೆ ಎಲ್ಲ ಕಡೆ ಬಳಸಬಹುದು.

ನನ್ನನ್ನು ಕೇಳಿದರೆ ಒನ್‌ಫೈಲ್ ಮೋಹ ಬಿಡಿ, ಒನ್‌ಡಿರ್ ಮಾಡಿ. ಎಲ್ಲ ಒಂದು ಫೋಲ್ಡರಲ್ಲಿ ಕಣ್ಣೆದುರೇ ಇರುತ್ತೆ, ಏನು ಬಂದಿಲ್ಲ ಅಂತ ನೋಡಿದ ಕೂಡಲೇ ಗೊತ್ತಾಗುತ್ತೆ, ಶುರುವಾಗೋದೂ ಬೇಗ. ಪೈಇನ್‌ಸ್ಟಾಲರಿನ 2023ರ 6ನೇ ಆವೃತ್ತಿಯಿಂದ ಇಎಕ್ಸ್‌ಇ ಬಿಟ್ಟು ಮಿಕ್ಕ ಸಾಮಾನೆಲ್ಲ 'ಇಂಟರ್ನಲ್' ಅನ್ನೋ ಒಳಫೋಲ್ಡರಿಗೆ ಹೋಗುತ್ತೆ, ನೋಡೋಕೂ ಚೊಕ್ಕ.

ವಿರಾಜಪೇಟೆಯ ಸದಸ್ಯ:
ನಡುವೆ ಬಾಯಿ ಹಾಕ್ತಿದ್ದೇನೆ, ಕ್ಷಮಿಸಿ. ನಮ್ಮ ಅಂಗಡಿಯದು ಹಳೇ ವಿಂಡೋಸ್ 7. ಇಎಕ್ಸ್‌ಇ ಕ್ಲಿಕ್ ಮಾಡಿದರೆ 'ಎಪಿಐ-ಎಂಎಸ್-ವಿನ್-ಕೋರ್-ಪಾಥ್' ಅಂತೇನೋ ಡಿಎಲ್‌ಎಲ್ (ಪ್ರೋಗ್ರಾಂ ಓಡೋಕೆ ಬೇಕಾದ ಸಹಾಯಕ ಫೈಲ್) ಇಲ್ಲ ಅನ್ನುತ್ತೆ. ಆ ಡಿಎಲ್‌ಎಲ್ ಇಂಟರ್ನೆಟ್ಟಿಂದ ಇಳಿಸಿ ಹಾಕಲಾ?

ಉತ್ತರ:
ಬೇಡ. ಎಲ್ಲಿಂದಲೋ ಇಳಿಸಿದ ಡಿಎಲ್‌ಎಲ್ ಹಾಕೋದು ಸಂತೆಯಲ್ಲಿ ಸಿಕ್ಕ ಗುಳಿಗೆ ನುಂಗಿದ ಹಾಗೆ. ಪೈಥಾನ್ 3.9ರಿಂದ ಮುಂದಿನವು ವಿಂಡೋಸ್ 7ರಲ್ಲಿ ಓಡಲ್ಲ, 3.8 ಕೊನೆಯದು. ಆ ಯಂತ್ರ ಬಿಡೋಕಾಗದಿದ್ದರೆ 3.8ರಲ್ಲಿ ಬಿಲ್ಡ್ ಮಾಡಿ. ಆ ವಿಂಡೋಸ್ 32 ಬಿಟ್ಟಿನದಾದರೆ ಪೈಥಾನೂ 32 ಬಿಟ್ಟಿನದೇ ಆಗಬೇಕು. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್ 2020ರ ಜನವರಿಯಲ್ಲೇ ಕೈಮುಗಿದಿದೆ, 3.8ಕ್ಕೂ ಈಗ ಭದ್ರತಾ ಅಪ್‌ಡೇಟ್ ಬರಲ್ಲ. ಅದನ್ನು ಇಂಟರ್ನೆಟ್ಟಿಗೆ ಕಟ್ಟದೆ ಬಿಲ್ಲು ಬರೆಯೋಕೆ ಮಾತ್ರ ಇಟ್ಟುಕೊಳ್ಳಿ.

ಗೋಣಿಕೊಪ್ಪಲಿನ ಸದಸ್ಯೆ:
ನನ್ನದು ವಿಚಿತ್ರ ಬಗ್. ಬರೆದದ್ದು ಉಬುಂಟುವಲ್ಲಿ, ಇಎಕ್ಸ್‌ಇ ಮಾಡಿದ್ದು ಗೆಳತಿಯ ವಿಂಡೋಸಲ್ಲಿ. ಕೆಲಸದವರ ಹೆಸರಿನ ಟೆಕ್ಸ್ಟ್ ಫೈಲ್ ಕನ್ನಡದಲ್ಲಿದೆ. ಉಬುಂಟುವಲ್ಲಿ ಸರಿ. ವಿಂಡೋಸಲ್ಲಿ ಕಮಲ, ಲೀಲಾ ಎರಡೇ ಹೆಸರಿಟ್ಟು ನೋಡಿದರೆ ಏನೇನೋ ಚಿಹ್ನೆ ಬರುತ್ತೆ, ಆದರೆ ಪ್ರೋಗ್ರಾಂ ನಿಲ್ಲಲ್ಲ. ಪೊನ್ನಮ್ಮ ಅಥವಾ ಮುತ್ತಮ್ಮ ಸೇರಿಸಿದರೆ 'ಚಾರ್‌ಮ್ಯಾಪ್ ಕೋಡೆಕ್' ಅಂತ ಎರರ್ ಬಂದು ಸಾಯುತ್ತೆ. ಹೆಸರು ನೋಡಿ ಬೀಳುವ ಬಗ್ ಇರುತ್ತಾ?

ಉತ್ತರ:
ಇರುತ್ತೆ, ನಿಮ್ಮ ಪ್ರಶ್ನೆಯಲ್ಲೇ ಉತ್ತರದ ವಾಸನೆ ಇದೆ. ಎರಡು ಹೆಸರು ಮಾತ್ರ ಇಟ್ಟು ನೋಡಿದ್ದು ಬಹಳ ಜಾಣತನ.

ಅಕ್ಷರಗಳನ್ನು ಬೈಟುಗಳಾಗಿ ಬರೆದಿಡುವ ಪದ್ಧತಿಗೆ ಎನ್‌ಕೋಡಿಂಗ್ ಅಂತಾರೆ. ನಿಮ್ಮ ಫೈಲ್ ಇರೋದು ಯುಟಿಎಫ್-8 ಅನ್ನೋ ಎನ್‌ಕೋಡಿಂಗಲ್ಲಿ. ಉಬುಂಟು ಅದನ್ನು ಹಾಗೇ ಓದುತ್ತೆ. ನಮ್ಮ ಕಡೆಯ ವಿಂಡೋಸಲ್ಲಿ ಪೈಥಾನಿಗೆ ಎನ್‌ಕೋಡಿಂಗ್ ಹೇಳದೆ ಬಿಟ್ಟರೆ ಸಾಮಾನ್ಯವಾಗಿ ಸಿಪಿ-1252 ಅನ್ನೋ ಪಶ್ಚಿಮ ಯುರೋಪಿನ ಪಟ್ಟಿ ಹಿಡಿದು ಓದುತ್ತೆ. ಕನ್ನಡದ ಒಂದೊಂದು ಚಿಹ್ನೆಗೂ ಯುಟಿಎಫ್-8ರಲ್ಲಿ ಮೂರು ಬೈಟ್. ಸಿಪಿ-1252 ಅವನ್ನು ಮೂರು ಬೇರೆ ಅಕ್ಷರ ಅಂದುಕೊಂಡು ಚಿತ್ರವಿಚಿತ್ರ ತೋರಿಸುತ್ತೆ. ಕಮಲ, ಲೀಲಾ ಹಾಗಾದವು. ಆದರೆ ಆ ಪಟ್ಟಿಯಲ್ಲಿ ಐದು ಮನೆ ಖಾಲಿ, ಹದಿನಾರರ ಲೆಕ್ಕದಲ್ಲಿ (ಹೆಕ್ಸ್) ಬರೆದರೆ: 81, 8ಡಿ, 8ಎಫ್, 90, 9ಡಿ. ಅಂಥ ಬೈಟ್ ಸಿಕ್ಕರೆ ಪೈಥಾನ್ ಎರರ್ ಕೊಟ್ಟು ನಿಲ್ಲುತ್ತೆ. ನಮ್ಮ ಹಲಂತದ ಚಿಹ್ನೆಯ ಕೊನೆಯ ಬೈಟ್ 8ಡಿ, ಕೊಂಬಿನ ಕೊನೆಯ ಬೈಟ್ 81. ಒತ್ತಕ್ಷರ ಅಂದರೆ ಒಳಗೊಂದು ಹಲಂತ ಇದ್ದೇ ಇರುತ್ತೆ. ಹಾಗಾಗಿ ಒತ್ತು ಇರುವ ಪೊನ್ನಮ್ಮ ಬಿದ್ದರು, ಕೊಂಬು ಒತ್ತು ಎರಡೂ ಇರುವ ಮುತ್ತಮ್ಮ 'ಮು' ಅಂದಾಗಲೇ ಬಿದ್ದರು. ಕೊಡಗಲ್ಲಿ ಒತ್ತಿಲ್ಲದ ಹೆಸರು ಹುಡುಕಬೇಕು, ಅದಕ್ಕೇ ಈ ಬಗ್ ನಮ್ಮಲ್ಲಿ ಬೇಗ ಸಿಕ್ಕಿಬೀಳುತ್ತೆ.

ಮದ್ದು ಸುಲಭ: ಓಪನ್ ಬರೆದ ಕಡೆಯೆಲ್ಲ ಎನ್‌ಕೋಡಿಂಗ್ ಯುಟಿಎಫ್-8 ಅಂತ ಬಾಯಿಬಿಟ್ಟು ಹೇಳಿ, ಓದುವಾಗಲೂ ಬರೆಯುವಾಗಲೂ. ಎಕ್ಸೆಲ್ಲಿಗೆ ಹೋಗುವ ಸಿಎಸ್‌ವಿ ಆದರೆ 'ಯುಟಿಎಫ್-8-ಸಿಗ್' ಕೊಡಿ. ಇಲ್ಲದಿದ್ದರೆ ಎಕ್ಸೆಲ್ ಇದೇ ನಾಟಕ ಮತ್ತೆ ಆಡುತ್ತೆ.

ಅಂದಹಾಗೆ ಉಬುಂಟುವಲ್ಲಿ ಕೂತು ವಿಂಡೋಸಿನ ಇಎಕ್ಸ್‌ಇ ಮಾಡೋಕೆ ಪೈಇನ್‌ಸ್ಟಾಲರ್ ಬಿಡಲ್ಲ. ಗೆಳತಿಯ ಯಂತ್ರಕ್ಕೆ ಹೋಗಿದ್ದು ಸರಿಯಾದ ದಾರಿಯೇ.

ಸೋಮವಾರಪೇಟೆಯ ಸದಸ್ಯ:
ಆಂಟಿವೈರಸ್ ನನ್ನ ಇಎಕ್ಸ್‌ಇ ತಿಂದು ಹಾಕ್ತಿದೆ. ವೈರಸ್ ಅಂತೆ!

ಉತ್ತರ:
ಇಎಕ್ಸ್‌ಇಯ ಮುಂಭಾಗದಲ್ಲಿ ಪೈಇನ್‌ಸ್ಟಾಲರ್ ಇಡುವ ಬೂಟ್‌ಲೋಡರ್, ಅಂದರೆ ಪ್ರೋಗ್ರಾಂ ಶುರುಮಾಡುವ ತುಣುಕು, ಎಲ್ಲರದ್ದೂ ಒಂದೇ. ವೈರಸ್ ಬರೆಯುವ ಕಳ್ಳರೂ ಅದನ್ನೇ ಬಳಸಿದ್ದಾರೆ, ಅದರ ಮುಖ ಕಂಡರೆ ಆಂಟಿವೈರಸ್ಸಿಗೆ ಅನುಮಾನ. ಯುಪಿಎಕ್ಸ್ ಹಾಕಿ ಕುಗ್ಗಿಸಿದ್ದರೆ ತೆಗೆಯಿರಿ, ಒನ್‌ಡಿರ್ ಮಾಡಿ, ಆಗಲೂ ಹಿಡಿದರೆ ಆ ಕಂಪನಿಗೆ ತಪ್ಪು ಗುರುತು ಅಂತ ಫೈಲ್ ಕಳಿಸಿ. ಆಂಟಿವೈರಸ್ ಆಫ್ ಮಾಡಿ ಅಂತ ಮಾತ್ರ ಯಾರಿಗೂ ಹೇಳಬೇಡಿ.

ಸೋಮವಾರಪೇಟೆಯ ಸದಸ್ಯ:
ಇನ್ನೊಂದು. ಮಳೆ ಲೆಕ್ಕದಲ್ಲಿ 1.50 ಹಾಕಿದರೆ ಪರದೆಯಲ್ಲಿ 1.5 ಬರುತ್ತೆ. ಅಪ್ಪ ಅದನ್ನು ಒಂದು ಇಂಚು ಐದು ಸೆಂಟ್ ಅಂತ ಓದಿ ಜಗಳಕ್ಕೆ ಬಂದರು.

ಉತ್ತರ:
ಜಗಳದಲ್ಲಿ ನಾನು ಅಪ್ಪನ ಪಕ್ಷ. ಇಂಚಿಗೆ ನೂರು ಸೆಂಟ್, ಕಾಫಿ ಹೂ ಅರಳಿಸುವ ಹೂಮಳೆ ಲೆಕ್ಕದಲ್ಲಿ ಐದು ಸೆಂಟಿಗೂ ಐವತ್ತು ಸೆಂಟಿಗೂ ಎಷ್ಟು ಅಂತರ! ಡೇಟಾಬೇಸಲ್ಲಿ 150 ಅಂತ ಬರೀ ಸೆಂಟನ್ನು ಪೂರ್ಣಾಂಕವಾಗಿ ಇಡಿ, ತೋರಿಸುವಾಗ ಎರಡು ಸ್ಥಾನ ಕಡ್ಡಾಯ ಮಾಡಿ.

ಸುಂಟಿಕೊಪ್ಪದ ಸದಸ್ಯ (ಒಂದು ವಾರದ ಮೇಲೆ):
ಸಾರ್, ಅರ್ಜೆಂಟ್. ನೀವು ಹೇಳಿದ ಫಂಕ್ಷನ್ ಬರೆದೆ, ಲೋಗೋ ಬಂತು. ಮಾವ ಒಂದೇ ಫೈಲ್ ಬೇಕು ಅಂದದ್ದಕ್ಕೆ ಒನ್‌ಫೈಲ್ ಹಾಗೇ ಇಟ್ಟೆ. ಸೋಮವಾರದಿಂದ ರೈಟ್ರು ದಿನಾ ತೂಕ ಹಾಕಿದ್ದಾರೆ. ಇವತ್ತು ಶನಿವಾರ, ಬಟವಾಡೆಗೆ ತೆರೆದರೆ ಎಲ್ಲರ ಹೆಸರಿದೆ, ರೇಟ್ ಇದೆ, ವಾರದ ಒಂದು ಕೆಜಿಯೂ ಇಲ್ಲ! ಲೈನ್‌ಮನೆಯ ಕೆಲಸದವರು ಆಫೀಸಿನ ಮುಂದೆ ನಿಂತಿದ್ದಾರೆ.

ಉತ್ತರ:
ಆ ಫಂಕ್ಷನ್ನನ್ನು ಡೇಟಾಬೇಸ್ ಫೈಲಿಗೂ ಬಳಸಿದ್ರಾ? ಡೇಟಾಬೇಸನ್ನೂ 'ಆಡ್ ಡೇಟಾ'ದಲ್ಲಿ ಸೇರಿಸಿದ್ರಾ?

ಸುಂಟಿಕೊಪ್ಪದ ಸದಸ್ಯ:
ಹೌದು. ಎಲ್ಲ ಕಡೆ ಬಳಸಬಹುದು ಅಂದಿದ್ರಲ್ಲ.

ಉತ್ತರ:
ಅಂದಿದ್ದೆ. ತಪ್ಪು ನನ್ನದು. ಓದುವ ಫೈಲಿಗೆ ಮಾತ್ರ ಅಂತ ಹೇಳಬೇಕಿತ್ತು.

ಆಗಿದ್ದು ಇಷ್ಟು. ಬೆಳಿಗ್ಗೆ ಮೂಟೆ ಬಿಚ್ಚಿ ಟೆಂಪ್ ಫೋಲ್ಡರಲ್ಲಿ ಹರಡುತ್ತೆ, ಹೆಸರು ರೇಟು ತುಂಬಿದ ಡೇಟಾಬೇಸೂ ಅಲ್ಲಿಗೆ ಬರುತ್ತೆ. ರೈಟ್ರು ದಿನವಿಡೀ ಬರೆದದ್ದು ಆ ಪ್ರತಿಯೊಳಗೆ. ಸಂಜೆ ಪ್ರೋಗ್ರಾಂ ಮುಚ್ಚಿದ ಕೂಡಲೇ ಅದು ಜವಾಬ್ದಾರಿಯಿಂದ ಆ ಫೋಲ್ಡರ್ ಪೂರ್ತಿ ಗುಡಿಸಿ ಹಾಕುತ್ತೆ. ಮರುದಿನ ಹೊಸ ಫೋಲ್ಡರ್, ಮತ್ತೆ ನೀವು ಬಿಲ್ಡ್ ಮಾಡಿದ ದಿನದ ಡೇಟಾಬೇಸ್. ಒಂದು ಎರರೂ ಬರಲ್ಲ, ಅದೇ ಇದರ ಕೇಡು.

ಈಗ ಒಂದು ಪ್ರಶ್ನೆ. ಆಫೀಸಿನ ಕಂಪ್ಯೂಟರಿಗೆ ಯುಪಿಎಸ್ ಇದೆಯಾ? ವಾರದಲ್ಲಿ ಪ್ರೋಗ್ರಾಂ ತೆರೆದಿರುವಾಗ ಕರೆಂಟು ಹೋಗಿತ್ತಾ?

ಸುಂಟಿಕೊಪ್ಪದ ಸದಸ್ಯ:
ಯುಪಿಎಸ್ ಇಲ್ಲ. ಕರೆಂಟು ಹೋಗದ ದಿನ ಯಾವುದು ಅಂತ ಕೇಳಿ ಸಾರ್.

ಉತ್ತರ:
ಹಾಗಾದರೆ ಆಸೆ ಇದೆ. ಪ್ರೋಗ್ರಾಂ ತಾನಾಗಿ ಮುಚ್ಚಿದರೆ ಮಾತ್ರ ಗುಡಿಸುತ್ತೆ. ಕರೆಂಟು ಹೋಗಿ ಸತ್ತರೆ ಗುಡಿಸೋಕೆ ಯಾರೂ ಇರಲ್ಲ, ಫೋಲ್ಡರ್ ಹಾಗೇ ಉಳಿಯುತ್ತೆ. ವಿಂಡೋಸ್ ಕೀ ಜೊತೆ ಆರ್ ಒತ್ತಿ, %ಟೆಂಪ್% ಅಂತ ಇಂಗ್ಲಿಷಲ್ಲಿ ಹೊಡೆಯಿರಿ. 'ಅಂಡರ್‌ಸ್ಕೋರ್ ಎಂಇಐ' ಫೋಲ್ಡರುಗಳನ್ನು ತಾರೀಖಿನ ಪ್ರಕಾರ ಜೋಡಿಸಿ, ಒಂದೊಂದನ್ನೂ ಪೂರ್ತಿಯಾಗಿ ಪೆನ್‌ಡ್ರೈವಿಗೆ ಕಾಪಿ ಮಾಡಿ. ಡೇಟಾಬೇಸ್ ಫೈಲೊಂದನ್ನೇ ಎತ್ತಬೇಡಿ. ಪಕ್ಕದಲ್ಲಿ ಅದೇ ಹೆಸರಿಗೆ 'ಜರ್ನಲ್' ಅಂತ ಬಾಲ ಇರುವ ಫೈಲ್ ಇರಬಹುದು, ಅರ್ಧಕ್ಕೆ ನಿಂತ ಬರಹವನ್ನು ಎಸ್‌ಕ್ಯೂಲೈಟ್ ಸರಿಮಾಡಿಕೊಳ್ಳೋದು ಅದನ್ನು ನೋಡಿ. ಕಮಿಟ್ ಆದ, ಅಂದರೆ ಪೂರ್ತಿ ಉಳಿಸಿ ಆದ, ತೂಕಗಳೆಲ್ಲ ಸಿಗಬೇಕು. ಇದು ಮುಗಿಯುವ ತನಕ ಡಿಸ್ಕ್ ಕ್ಲೀನಪ್ ಯಾರೂ ಮುಟ್ಟಕೂಡದು.

ಆಮೇಲೆ ಕೋಡ್ ತಿದ್ದಿ. ಬರೆಯುವ ಡೇಟಾ ವಿಂಡೋಸ್ ಪ್ರತಿ ಯೂಸರಿಗೂ ಇಟ್ಟಿರುವ ಲೋಕಲ್ ಆಪ್‌ಡೇಟಾ ಫೋಲ್ಡರೊಳಗೆ ನಿಮ್ಮದೇ ಹೆಸರಿನ ಫೋಲ್ಡರಲ್ಲಿ ಇರಲಿ. ಫೈಲ್ ಅಲ್ಲಿ ಇಲ್ಲದಿದ್ದರೆ ಮಾತ್ರ, ಮೊದಲ ಸಲ, ಮೂಟೆಯೊಳಗಿನ ಪ್ರತಿ ಅಲ್ಲಿಗೆ ನಕಲಾಗಲಿ. ಪ್ರೋಗ್ರಾಂ ಫೈಲ್ಸ್ ಒಳಗೆ ಇಡೋಕೆ ಹೋಗಬೇಡಿ, ಸಾಮಾನ್ಯ ಯೂಸರಿಗೆ ಅಲ್ಲಿ ಬರೆಯುವ ಅನುಮತಿ ಇರಲ್ಲ. ಅದೇ ಫೋಲ್ಡರಲ್ಲಿ ಒಂದು ಲಾಗ್ ಫೈಲೂ ಇರಲಿ. ಶುರುವಾದ ಕೂಡಲೇ ಡೇಟಾಬೇಸ್ ಯಾವ ದಾರಿಯಿಂದ ತೆರೆದೆ ಅಂತ ಒಂದು ಸಾಲು ಬರೆಯಲಿ. ಆ ಸಾಲು ಇದ್ದಿದ್ದರೆ ಸೋಮವಾರವೇ ಟೆಂಪ್ ಅನ್ನೋ ಪದ ಕಣ್ಣಿಗೆ ಬೀಳುತ್ತಿತ್ತು.

ಮುಂದಿನ ಸಲ ಆಫೀಸಿಗೆ ಕೊಡುವ ಮೊದಲು ನಿಮ್ಮ ಲ್ಯಾಪ್‌ಟಾಪಲ್ಲೇ ಹೊಸ ಯೂಸರ್ ಅಕೌಂಟ್ ಮಾಡಿ, ಇಎಕ್ಸ್‌ಇ ಮಾತ್ರ ಅಲ್ಲಿಟ್ಟು, ತೂಕ ಹಾಕಿ, ಮುಚ್ಚಿ, ಮತ್ತೆ ತೆರೆಯಿರಿ. ತೆರೆಯೋದನ್ನು ಎಲ್ಲರೂ ಪರೀಕ್ಷೆ ಮಾಡ್ತಾರೆ, ಮುಚ್ಚಿ ತೆರೆಯೋದನ್ನು ಮರೀತಾರೆ.

ಸುಂಟಿಕೊಪ್ಪದ ಸದಸ್ಯ:
ನಾಲ್ಕು ಫೋಲ್ಡರ್ ಸಿಕ್ಕಿದವು! ಮಂಗಳವಾರ, ಬುಧವಾರ ಪೂರ್ತಿ, ಶುಕ್ರವಾರ ಮಧ್ಯಾಹ್ನದವರೆಗೆ. ಒಂದರಲ್ಲಿ ಜರ್ನಲ್ ಫೈಲೂ ಇತ್ತು. ಮಿಕ್ಕದ್ದು ರೈಟ್ರ ಚೆಕ್‌ರೋಲಲ್ಲಿತ್ತು. ಪ್ರೋಗ್ರಾಂ ನಂಬದೆ ಅವರು ದಿನಾ ಅದರಲ್ಲೂ ಬರೆದಿಟ್ಟಿದ್ದರಂತೆ. ಬಟವಾಡೆ ಸಂಜೆ ಏಳಕ್ಕೆ ಮುಗೀತು. ಈಗ ಮಾವ ಹೇಳ್ತಿದ್ದಾರೆ, ಕರೆಂಟು ಹೋಗಿದ್ದರಿಂದಲೇ ಲೆಕ್ಕ ಉಳೀತಲ್ಲ, ಯುಪಿಎಸ್ ಯಾಕೆ ಅಂತ.

ಉತ್ತರ:
ಕೋಡ್ ತಿದ್ದಿದ ಮೇಲೆ ಆ ವಾದ ನಡೆಯಲ್ಲ ಅಂತ ಹೇಳಿ. ಯುಪಿಎಸ್ ತರಿಸಿ. ರೈಟ್ರ ಪುಸ್ತಕ ಇನ್ನೊಂದು ತಿಂಗಳು ನಿಲ್ಲಿಸಬೇಡಿ.