'ಆಬ್‌ಸ್ಟ್ರಾಕ್ಟ್ ಡ್ರಾಯಿಂಗ್'ಗೆ ಕನ್ನಡದಲ್ಲಿ ಏನೆನ್ನೋಣ? (ಬೋರ್ಡು ನಾಳೆ ಪ್ರಿಂಟಿಗೆ)

ಮಂಗಳೂರು, ಸೋಮವಾರ ಸಂಜೆ 6.40

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅವಸರದಲ್ಲಿದ್ದೇನೆ. ನಾಳೆ ಬೆಳಿಗ್ಗೆ 11ರೊಳಗೆ ಒಂದು ಬೋರ್ಡಿನ ಮಾತು ಪ್ರಿಂಟಿಗೆ ಕೊಡಬೇಕು.

ನನ್ನ ದೊಡ್ಡಮ್ಮ ಟೀಚರ್ ಆಗಿದ್ದವರು. ನಿವೃತ್ತಿಯಾದ ಮೇಲೆ ದಿನಾ ಬೆಳಿಗ್ಗೆ ಸ್ನಾನ ಮುಗಿಸಿ, ಚಾ ಕುಡಿಯುವ ಮೊದಲು, ಒಂದು ಹಾಳೆ ತುಂಬ ಗೆರೆ ಎಳೆಯುತ್ತಾರೆ. ಶಾಯಿ ಪೆನ್ನು, ಬಿಳಿ ಹಾಳೆ, ಅಷ್ಟೇ. ದೇವರಿಲ್ಲ, ಹೂವಿಲ್ಲ, ಮನುಷ್ಯರಿಲ್ಲ. ಎಡದಿಂದ ಹೊರಟ ಗೆರೆ ಉಸಿರು ಮುಗಿದಲ್ಲಿ ನಿಲ್ಲುತ್ತದೆ. ಮುಂದಿನ ಉಸಿರಿಗೆ ಅದರ ಕೆಳಗೆ ಇನ್ನೊಂದು. ಕೈ ನಡುಗಿದ ದಿನ ಗೆರೆಯೂ ನಡುಗಿದೆ. ಅದನ್ನು ಅವರು ತಿದ್ದುವುದಿಲ್ಲ. ಅಂಥ 60 ಹಾಳೆಗಳನ್ನು ಆರಿಸಿ ಪ್ರದರ್ಶನಕ್ಕೆ ಇಡುತ್ತಿದ್ದೇವೆ.

ಇಂಗ್ಲಿಷ್ ಬೋರ್ಡಿನಲ್ಲಿ 'ಆಬ್‌ಸ್ಟ್ರಾಕ್ಟ್ ಡ್ರಾಯಿಂಗ್', 'ಸ್ಪಿರಿಚುವಲ್' ಎರಡೂ ಇವೆ. ನಾನು ಮಾಡಿದ ಕನ್ನಡ: 'ಅಮೂರ್ತ ರೇಖಾಚಿತ್ರ: ಆಧ್ಯಾತ್ಮಿಕ ಅಭಿವ್ಯಕ್ತಿಯ ಮಾಧ್ಯಮ'. ದೊಡ್ಡಮ್ಮ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. "ಇದು ನಾನು ಮಾಡಿದ್ದರ ಬಗ್ಗೆಯಾ?" ಎಂದು ಕೇಳಿದರು. ಅಲ್ಲಿಗೆ ನನ್ನ ಧೈರ್ಯ ಹೋಯಿತು. ದಯವಿಟ್ಟು ಒಂದು ದಾರಿ ಹೇಳಿ.

ಉಡುಪಿ, 7.25

'ರೇಖಾಚಿತ್ರ' ಮೊದಲು ತೆಗೆಯಿರಿ. ಅದು ಗಣಿತ ಪುಸ್ತಕದ ಮಾತು. ಗೆರೆ ಇದೆ, ಗೀಟು ಇದೆ, ಗೀರು ಇದೆ. ಇಷ್ಟೆಲ್ಲ ಮನೆಯಲ್ಲಿಟ್ಟುಕೊಂಡು ಪಕ್ಕದ ಮನೆಗೆ ಯಾಕೆ ಹೋಗಬೇಕು?

'ಬರೆ' ಎಂಬುದೇ ಸಾಕು. ತಮಿಳಿನ ವರೈ, ಮಲಯಾಳದ ವರ ನೋಡಿ. ಅಲ್ಲಿನ ವಕಾರ ಕನ್ನಡದಲ್ಲಿ ಬಕಾರ ಆಗುತ್ತದೆ, ಅಷ್ಟೇ. ಕಾಸರಗೋಡು ದಾಟಿದರೆ ವರ ಅಂದರೆ ಇವತ್ತಿಗೂ ಗೆರೆಯೇ. ನಮ್ಮಲ್ಲೂ ಹುಲಿಯ ಮೈಮೇಲಿನ ಪಟ್ಟೆ 'ಬರೆ', ಕಾದ ಕಬ್ಬಿಣ ಎಳೆದ ಗುರುತು 'ಬರೆ'. ಅಕ್ಷರ ಬಂದದ್ದು ಆಮೇಲೆ. 1894ರಲ್ಲಿ ನಿಮ್ಮ ಮಂಗಳೂರಿನಲ್ಲೇ ಅಚ್ಚಾದ ಕಿಟ್ಟೆಲ್ ನಿಘಂಟು ತೆರೆದರೆ ಬರಹವೂ ಚಿತ್ರವೂ ಒಂದೇ ಕ್ರಿಯಾಪದದಡಿ ಸಿಗುತ್ತವೆ.

'ಗೆರೆಬರಹ' ಎಂದು ಹಾಕಿ. ಮುಗಿಯಿತು.

ಮಣಿಪಾಲ, 8.05

ಮುಗಿಯಲಿಲ್ಲ ಮೇಷ್ಟ್ರೇ. 'ಗೆರೆಬರಹ' ಓದಿದವರು ಶೀಘ್ರಲಿಪಿ ಅಂದುಕೊಳ್ಳುತ್ತಾರೆ. ಹೊಸ ಪದ ಕಟ್ಟುವುದು ಸುಲಭ. ಅದನ್ನು ಬೋರ್ಡಿನ ಎದುರು ನಿಂತು ಓದುವವರು ಬೇರೆ.

'ಅಮೂರ್ತ' ಎಲ್ಲರಿಗೂ ಗೊತ್ತಿರುವ ಪದ. ಅದನ್ನು ಯಾಕೆ ಬಿಡಬೇಕು? ಅದರ ಬೇರು ಎಷ್ಟು ಚಂದ ಇದೆ ನೋಡಿ. ಮೂರ್ತ ಬಂದದ್ದು ಮೂರ್ಛ್ ಧಾತುವಿನಿಂದ. ಗಟ್ಟಿಯಾಗು, ಹೆಪ್ಪುಗಟ್ಟು ಎಂಬ ಅರ್ಥ. ಮೂರ್ತಿಯೂ ಅದರದ್ದೇ, ಮೂರ್ಛೆಯೂ ಅದರದ್ದೇ. ಹಾಗಾದರೆ ಅಮೂರ್ತ ಅಂದರೆ ಹೆಪ್ಪು ಬೀಳದ ಹಾಲು. ಇನ್ನೂ ಏನೂ ಆಗಿಲ್ಲ, ಏನು ಬೇಕಾದರೂ ಆಗಬಹುದು. ನಿಮ್ಮ ದೊಡ್ಡಮ್ಮನ ಗೆರೆಗೆ ಇದಕ್ಕಿಂತ ಸರಿಯಾದ ಮಾತು ಬೇಕಾ?

ನನಗೆ ತಕರಾರು ಇರುವುದು 'ಆಧ್ಯಾತ್ಮಿಕ'ದ ಮೇಲೆ. ಅಮೂರ್ತ ಕಲೆಯ ಚರ್ಚೆಯಲ್ಲಿ ಎಲ್ಲರೂ ಹೆಸರು ಹೇಳುವ ಚಿತ್ರಕಾರ ಕ್ಯಾಂಡಿನ್‌ಸ್ಕಿ 1911ರ ಕೊನೆಗೆ ಜರ್ಮನ್ ಭಾಷೆಯಲ್ಲಿ ತಂದ ಪುಸ್ತಕದ ಹೆಸರಿನಲ್ಲಿರುವುದು 'ಗೈಸ್ಟಿಗೆ'. ಗೈಸ್ಟ್ ಅಂದರೆ ಮನಸ್ಸು, ಬುದ್ಧಿ, ಚೇತನ ಎಲ್ಲವೂ ಸೇರಿದ್ದು. ಇಂಗ್ಲಿಷಿಗೆ ಹೋಗುವಾಗ 'ಸ್ಪಿರಿಚುವಲ್' ಆಯಿತು. ನಾವು ಅದನ್ನು ಹಿಡಿದು 'ಆಧ್ಯಾತ್ಮಿಕ' ಮಾಡಿದೆವು. ಎರಡು ಹೊಳೆ ದಾಟುವಷ್ಟರಲ್ಲಿ ಮನಸ್ಸು ಕಳೆದುಹೋಗಿ ಬರೀ ಮಠ ಉಳಿಯಿತು.

ಹಾಗೆಂದು ಅಮೂರ್ತ ಕಲೆಯಿಂದ ದೇವಸ್ಥಾನ ಪೂರ್ತಿ ಹೊರಗಿತ್ತು ಎಂದೂ ಅಲ್ಲ. ಸ್ವೀಡನ್ನಿನ ಹಿಲ್ಮಾ ಆಫ್ ಕ್ಲಿಂಟ್ 1906ರಿಂದ 1915ರೊಳಗೆ 193 ಚಿತ್ರ ಮಾಡಿದ್ದು ಒಂದು ದೇವಾಲಯಕ್ಕೆಂದೇ. ಆ ದೇವಾಲಯ ಕಟ್ಟಲೇ ಇಲ್ಲ. ತಾನು ತೀರಿಕೊಂಡು 20 ವರ್ಷ ಆಗುವ ತನಕ ಇವನ್ನು ಹೊರಗೆ ತೋರಿಸಬೇಡಿ ಎಂದಿದ್ದರು. ಅವರು ತೀರಿಕೊಂಡದ್ದು 1944ರಲ್ಲಿ. ಅಂಥವರಿಗೆ 'ಆಧ್ಯಾತ್ಮಿಕ' ಒಪ್ಪುತ್ತದೆ. ನಿಮ್ಮ ದೊಡ್ಡಮ್ಮನಿಗೆ ಒಪ್ಪುತ್ತದಾ, ಅವರನ್ನೇ ಕೇಳಿ.

ಸುರತ್ಕಲ್, 8.30

ಚಿತ್ರಕಾರ ಕೆ.ಕೆ. ಹೆಬ್ಬಾರರ ಊರಿನವರು ನಾವು. ಕಟ್ಟಿಂಗೇರಿ ಇಲ್ಲೇ ಉಡುಪಿಯ ಪಕ್ಕ. ಒಂದೇ ಗೆರೆಯಲ್ಲಿ ಹಾಡು ಕೇಳಿಸಿದವರು ಅವರು. 'ಹಾಡುವ ಗೆರೆ' ಎಂದು ಹಾಕಬಹುದಲ್ವಾ?

ಮಣಿಪಾಲ, 8.40

ಬೇಡ. ಹೆಬ್ಬಾರರ ಗೆರೆಯೊಳಗೆ ನರ್ತಕಿ ಇದ್ದಾಳೆ, ಅವಳ ಸೊಂಟದ ತಿರುವು ಇದೆ. ಅದು ಅಮೂರ್ತ ಅಲ್ಲ. ಊರಿನ ಅಭಿಮಾನಕ್ಕೆ ಪದ ಕೊಡಬೇಡಿ.

ಕುಂದಾಪುರ, 9.10

ತಮ್ಮಾ, ನಾನೊಂದು ಹೇಳಲಾ? ಸೋಣೆ ತಿಂಗಳಲ್ಲಿ, ಅಂದರೆ ಆಗಸ್ಟ್-ಸೆಪ್ಟೆಂಬರ್ ಹೊತ್ತಿಗೆ, ನಮ್ಮ ಕಡೆ ಹೆಂಗಸರು ಹೊಸ್ತಿಲು ಬರೆಯುತ್ತಾರೆ. ನೆನಪಿಡು, ಹೊಸ್ತಿಲಿನ ಮೇಲೆ ಚಿತ್ರ ಬರೆಯುವುದಲ್ಲ, ಹೊಸ್ತಿಲನ್ನೇ ಬರೆಯುವುದು. ನನ್ನ ಅತ್ತೆ ಶೇಡಿ ಎಂಬ ಬಿಳಿ ಮಣ್ಣನ್ನು ನೀರಲ್ಲಿ ಕಲಸಿ, ಬಟ್ಟೆ ಚೂರು ಅದ್ದಿ, ಬೆರಳಿನ ತುದಿಯಿಂದ ಎಳೆಯುತ್ತಿದ್ದರು. ಒದ್ದೆ ಇರುವಾಗ ಏನೂ ಕಾಣುತ್ತಿರಲಿಲ್ಲ. ಮರದ ಬಣ್ಣವೇ. ಒಣಗುತ್ತಾ ಬಂದ ಹಾಗೆ ಬಿಳಿ ಗೆರೆ ಒಂದೊಂದಾಗಿ ಮೇಲೆ ಬರುತ್ತಿತ್ತು. ಅಷ್ಟು ಹೊತ್ತೂ ಅತ್ತೆ ಮಾತಾಡುತ್ತಿರಲಿಲ್ಲ. ಇದು ಏನು ಚಿತ್ರ ಎಂದು ನಾನು ಒಮ್ಮೆ ಕೇಳಿದ್ದೆ. "ಚಿತ್ರ ಅಲ್ಲ, ಹೊಸ್ತಿಲು" ಎಂದರು.

ನಾಗನ ಆರಾಧನೆಗೆ ನೆಲದ ಮೇಲೆ ಹಾಕುವ ನಾಗಮಂಡಲವನ್ನೂ ನಾವು 'ಬರೆಯುವುದು' ಎಂದೇ ಹೇಳುತ್ತೇವೆ. ಐದು ಬಣ್ಣದ ಹುಡಿಯಲ್ಲಿ ಗಂಟೆಗಟ್ಟಲೆ ಬರೆದದ್ದು. ಬಿಳಿ, ಅರಸಿನ, ಅರಸಿನಕ್ಕೆ ಸುಣ್ಣ ಸೇರಿಸಿದ ಕೆಂಪು, ಎಲೆಯ ಹಸಿರು, ಉಮಿ ಸುಟ್ಟ ಕಪ್ಪು. ಬೆಳಗಾಗುವಷ್ಟರಲ್ಲಿ ಅದೆಲ್ಲ ಅಳಿಸಿರುತ್ತದೆ. ಅಲ್ಲಿ ಹಾವಿದೆ, ಹೆಡೆ ಇದೆ, ಹಾಗಾಗಿ ಮಣಿಪಾಲದವರು ಒಪ್ಪಲಿಕ್ಕಿಲ್ಲ. ಒಪ್ಪದಿದ್ದರೂ ಕ್ರಿಯಾಪದ ಒಂದೇ ಅಲ್ವಾ. ನಿನ್ನ ದೊಡ್ಡಮ್ಮ 'ಚಿತ್ರ ಮಾಡುವುದಲ್ಲ', ಬರೆಯುವುದು. ನಾಮಪದ ಹುಡುಕುವುದು ಬಿಡು. ಕ್ರಿಯಾಪದವನ್ನೇ ಬೋರ್ಡಿಗೆ ಹಾಕು.

ಉಡುಪಿ, 9.25

ಅಕ್ಕ ಹೇಳಿದ್ದು ನನ್ನದೇ ಮಾತು. ಆದರೆ 'ಮಂಡಲ' ಸಂಸ್ಕೃತ. 'ಅಮೂರ್ತ' ಸಂಸ್ಕೃತ. ಹೆಪ್ಪು ಬೀಳದ ಹಾಲು ಎಂದು ಕಥೆ ಕಟ್ಟಿದ ತಕ್ಷಣ ಅದು ಕನ್ನಡ ಆಗುವುದಿಲ್ಲ. ಕೇಳಿದವರಿಗೆ ಆ ಹಾಲು ಕಾಣಬೇಕು. ಕಾಣುತ್ತದಾ? ಹುಲಿಯನ್ನು ನೋಡಿ ನರಿ ಬರೆ ಹಾಕಿಕೊಂಡ ಹಾಗೆ ಆಗಿದೆ ನಮ್ಮ ಬೋರ್ಡುಗಳು.

ಮಣಿಪಾಲ, 9.50

'ಬೋರ್ಡು' ಯಾವ ಭಾಷೆ ಮೇಷ್ಟ್ರೇ? ನೀವು ಬೆಳಿಗ್ಗೆ ತೆರೆಯುವ ಜನೇಲು ಪೋರ್ಚುಗೀಸರದ್ದು. ಬಾವಿಕಟ್ಟೆಯ ಬಾಲ್ದಿಯೂ ಅವರದ್ದೇ. ಬಂದರಿನ ಊರಲ್ಲಿ ಕೂತು ಹೊರಗಿನ ಪದ ಬೇಡ ಎಂದರೆ ಮನೆಗೆ ಗಾಳಿ ಬರುವುದು ಎಲ್ಲಿಂದ? ಮಾತು ಉಳಿಯುವುದು ಬಳಸುವುದರಿಂದ, ಜಾತಿ ನೋಡುವುದರಿಂದ ಅಲ್ಲ.

ಉಡುಪಿ, 9.58

ಜನೇಲು ಬಂದದ್ದು ಜನರ ಬಾಯಿಂದ. 'ಅಭಿವ್ಯಕ್ತಿಯ ಮಾಧ್ಯಮ' ಬಂದದ್ದು ಮೇಜಿನ ಮೇಲಿಂದ. ವ್ಯತ್ಯಾಸ ಅಲ್ಲೇ ಇರುವುದು. ಬಾಲ್ದಿಯ ಮೇಲೆ ನನಗೆ ಜಗಳ ಇಲ್ಲ.

ಮಂಗಳೂರು, ಮಂಗಳವಾರ ಬೆಳಿಗ್ಗೆ 10.15

ಜಗಳ ಮುಂದುವರಿಸಿ ಮಾರಾಯ್ರೆ, ನನಗೆ ಬೇಕಾದ್ದು ಸಿಕ್ಕಿತು. ನಿನ್ನೆ ರಾತ್ರಿ ಎಲ್ಲರ ಉತ್ತರಗಳನ್ನೂ ದೊಡ್ಡಮ್ಮನಿಗೆ ಓದಿ ಹೇಳಿದೆ. ಹೆಪ್ಪು ಬೀಳದ ಹಾಲು ಅವರಿಗೆ ಬಹಳ ಹಿಡಿಸಿತು. ಹೊಸ್ತಿಲಿನ ವಿಷಯ ಬಂದಾಗ ಇನ್ನೊಮ್ಮೆ ಓದು ಎಂದರು. 'ಆಧ್ಯಾತ್ಮಿಕ' ಬೇಡವೇ ಬೇಡ, "ಅಷ್ಟು ದೊಡ್ಡದು ನಾನು ಮಾಡಿಲ್ಲ" ಎಂದರು. ಹಾಗಾದರೆ ದಿನಾ ಮಾಡುವುದಕ್ಕೆ ಏನೆನ್ನುತ್ತೀರಿ ಎಂದು ಕೇಳಿದೆ. "ಕೂತು ಬರೆಯುವುದು" ಎಂದರು.

ಬೋರ್ಡಿನಲ್ಲಿ ದೊಡ್ಡ ಅಕ್ಷರದಲ್ಲಿ: 'ಕೂತು ಬರೆದ ಗೆರೆಗಳು'. ಅದರ ಕೆಳಗೆ ಸಣ್ಣದಾಗಿ: 'ದಿನಕ್ಕೊಂದು ಹಾಳೆ, ಉಸಿರಿಗೊಂದು ಗೆರೆ'. ಆಮಂತ್ರಣ ಪತ್ರದಲ್ಲಿ ಮಾತ್ರ 'ಅಮೂರ್ತ' ಒಂದು ಕಡೆ ಇಟ್ಟಿದ್ದೇನೆ, ಪತ್ರಿಕೆಯವರು ಹುಡುಕುವುದು ಆ ಪದವನ್ನೇ. ಉಡುಪಿಯ ಮೇಷ್ಟ್ರು ಅಷ್ಟಕ್ಕೆ ಒಪ್ಪಿಕೊಳ್ಳಬೇಕು.

ಈಗ ಪ್ರೂಫ್ ಬಂತು. 'ಗೆರೆಗಳು' ಹೋಗಿ 'ಗರಗಳು' ಆಗಿದೆ. ಅದನ್ನು ಸರಿಮಾಡಿಸಲು ಹೊರಟಿದ್ದೇನೆ.