ರಾಮನಾಥಪುರದ ಷಷ್ಠಿ ಜಾತ್ರೆಗೆ ಮನೆಮಂದಿಯನ್ನೆಲ್ಲ ಕರೆದೊಯ್ಯುವ ಬಗೆ ಹೇಗೆ?

ಪ್ರಶ್ನೆ: ಹಾಸನದ ಗೃಹಿಣಿ

ಕಳೆದ ಸುಬ್ರಹ್ಮಣ್ಯ ಷಷ್ಠಿಯಂದು ನಾವು ಏಳು ಮಂದಿ ರಾಮನಾಥಪುರದ ಜಾತ್ರೆಗೆ ಹೋಗಿ, ರಾತ್ರಿ ಒಂಬತ್ತರ ಹೊತ್ತಿಗೆ ಒಬ್ಬರ ಮುಖ ಒಬ್ಬರು ನೋಡದಷ್ಟು ಬೇಸತ್ತು ಮನೆ ಸೇರಿದೆವು. ಅರಕಲಗೂಡಿನ ಮೇಲೆ ಸುಮಾರು 50 ಕಿ.ಮೀ. ತಾನೇ ಎಂದು ಎಂಟು ಗಂಟೆಗೆ ಹೊರಟದ್ದು ಮೊದಲ ತಪ್ಪು. ಊರಿಗೆ ಬಹಳ ಮುಂಚೆಯೇ ಕಾರು ನಿಲ್ಲಿಸಬೇಕಾಗಿ ಬಂದು, ಮಂಡಿನೋವಿನ ಅತ್ತೆಯವರನ್ನು ಬಿಸಿಲಿನಲ್ಲಿ ನಡೆಸಿದೆವು.

ಅಲ್ಲಿಂದ ಮುಂದೆ ಒಬ್ಬೊಬ್ಬರ ಜಾತ್ರೆ ಒಂದೊಂದಾಯಿತು. ಅತ್ತೆಯವರಿಗೆ ತೇರು ಎಳೆಯುವವರೆಗೆ ಉಪವಾಸ, ಐದು ವರ್ಷದ ಮಗನಿಗೆ ಹತ್ತಕ್ಕೇ ಹಸಿವು. ಯಜಮಾನರ ಕಣ್ಣು ಎತ್ತುಗಳ ಮೇಲೆ, ನಾದಿನಿಯ ಕಾಲು ಬಳೆ ಅಂಗಡಿಯ ಕಡೆಗೆ. ತೇರಿಗೆ ಹಣ್ಣು ದವನ ಎಸೆಯುವ ಸಂಭ್ರಮದಲ್ಲಿ ಯಾರದೋ ಬಾಳೆಹಣ್ಣು ಮಗನ ನೆತ್ತಿಗೆ ಬಿದ್ದು ಅವನು ಅಳತೊಡಗಿದವನು, ಜೈಂಟ್ ವೀಲ್ ಹತ್ತಿಸಿದ ಮೇಲೆ ಸುಮ್ಮನಾದನು. ಇಳಿಸಿದಾಗ ಮತ್ತೆ ಅತ್ತನು. ಎತ್ತು ನೋಡಲು ಹೋದ ಯಜಮಾನರನ್ನು ಹುಡುಕುವುದಕ್ಕೇ ಒಂದೂವರೆ ಗಂಟೆ ಹಿಡಿಯಿತು, ಏಕೆಂದರೆ ಆ ಜನಸಂದಣಿಯಲ್ಲಿ ಯಾರ ಮೊಬೈಲ್ ಕರೆಯೂ ಯಾರಿಗೂ ತಲುಪುತ್ತಿರಲಿಲ್ಲ.

ಅತ್ತೆಯವರು ಬೆಳ್ಳಿಯ ನಾಗರ ಹೆಡೆ ಒಪ್ಪಿಸುವ ಹರಕೆ ಹೊತ್ತಿರುವುದರಿಂದ ಈ ವರ್ಷವೂ ಹೋಗಲೇಬೇಕು. ಹಿರಿಯರನ್ನೂ ಮಕ್ಕಳನ್ನೂ ಕಟ್ಟಿಕೊಂಡು ಹೋಗಿ ಬಂದವರು ದಯವಿಟ್ಟು ತಿಳಿಸಿ.

ಉತ್ತರ: ಅರಕಲಗೂಡು ಸೀಮೆಯ ರೈತ

ನೀವು ಎರಡು ಜಾತ್ರೆಗಳನ್ನು ಒಂದೇ ಹಗಲಿನಲ್ಲಿ ಮುಗಿಸಲು ಹೊರಟಿರಿ. ಮಾರ್ಗಶಿರದ ಷಷ್ಠಿಯ ತೇರು ಒಂದು ದಿನದ್ದು, ಆದರೆ ಜಾತ್ರೆ ಮುಂದಿನ ತಿಂಗಳ ತುಳು ಷಷ್ಠಿಯವರೆಗೂ ನಡೆಯುತ್ತದೆ. ಅಂಗಡಿ ಸಾಲು, ಬೆಂಡು ಬತ್ತಾಸು, ತಿರುಗುವ ತೊಟ್ಟಿಲು ಇವು ಯಾವುವೂ ತೇರಿನ ಮರುದಿನವೇ ಎದ್ದು ಹೋಗುವುದಿಲ್ಲ. ನಡುವಿನ ಯಾವುದಾದರೂ ವಾರದ ದಿನ ಬಂದರೆ ದರ್ಶನ ನಿರಾಳವಾಗಿ ಆಗುತ್ತದೆ. ರಾಮೇಶ್ವರ ದೇವಸ್ಥಾನವನ್ನು ನೋಡಿಕೊಂಡು, ವಹ್ನಿ ಪುಷ್ಕರಣಿಯ ಬಳಿ ಕಾವೇರಿಯ ದೇವರ ಮೀನುಗಳಿಗೆ ಮಗನ ಕೈಯಿಂದ ಪುರಿ ಹಾಕಿಸಬಹುದು. ನನ್ನ ಮೊಮ್ಮಕ್ಕಳಂತೂ ಜೈಂಟ್ ವೀಲನ್ನು ಮರೆತು ಆ ಮೀನುಗಳ ಮುಂದೆ ಗಂಟೆಗಟ್ಟಲೆ ಕುಳಿತಿರುತ್ತಾರೆ. ಬಸ್ಸಿನಲ್ಲಿ ಬರುವುದಾದರೆ ಬೇಗ ಹೊರಡಿ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನಮ್ಮ ಮನೆಯ ಹೆಂಗಸರು ಯಾವ ಜಾತ್ರೆಯನ್ನೂ ಬಿಡುತ್ತಿಲ್ಲ, ನನಗೆ ಸೀಟು ಸಿಗುತ್ತಿಲ್ಲ.

ಉತ್ತರ: ನಿವೃತ್ತ ಪಶುವೈದ್ಯ, ಚಿಕ್ಕಮಗಳೂರು

ಯಜಮಾನರು ಕಾಣೆಯಾದದ್ದು ನನಗೆ ಆಶ್ಚರ್ಯವೆನಿಸಲಿಲ್ಲ. ಎತ್ತಿನ ಸಾಲಿನಲ್ಲಿ ನನ್ನನ್ನೂ ಮನೆಯವರು ಹೀಗೆಯೇ ಹುಡುಕಿದ್ದಾರೆ. ಅವರನ್ನು ಕರೆದು ತರುವ ಬದಲು ಮಗನನ್ನೇ ಅವರೊಡನೆ ಕಳುಹಿಸಿ. ಹಳ್ಳಿಕಾರ್ ಜೋಡಿಯೊಂದರ ಮುಂದೆ ನಿಂತು, ದನಗಳಿಗೆ ಮೇಲ್ದವಡೆಯಲ್ಲಿ ಮುಂಬಲ್ಲುಗಳೇ ಇಲ್ಲವೆಂಬುದನ್ನು ಮಗುವಿಗೆ ತೋರಿಸಿದರೆ ಅದು ಬೆರಗಾಗುತ್ತದೆ. ಕೆಳದವಡೆಯ ಎಂಟು ಹಾಲುಹಲ್ಲುಗಳಲ್ಲಿ ನಡುವಿನ ಜೋಡಿ ಸುಮಾರು ಎರಡು, ಎರಡೂವರೆ ವರ್ಷಕ್ಕೆ ಬಿದ್ದು ಹೊಸದು ಬಂದಾಗ ‘ಎರಡು ಹಲ್ಲು’ ಎನ್ನುತ್ತಾರೆ. ಎಂಟೂ ಬದಲಾದರೆ ಬಾಯಿಗೂಡಿತು, ಅಂದರೆ ದನ ಪೂರ್ಣ ವಯಸ್ಸಿಗೆ ಬಂದಿತು ಎಂದರ್ಥ. ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸುವ ದಲ್ಲಾಳಿಗಳನ್ನೂ ತೋರಿಸಿ, ಆದರೆ ಹಿಂಗಾಲಿನ ಹತ್ತಿರ ನಿಲ್ಲಗೊಡಬೇಡಿ.

ದನಗಳಿಗಾಗಿಯೇ ಹೋಗುವವರು ಮೊದಲು ವಿಚಾರಿಸಿಕೊಂಡು ಹೊರಡುವುದು ಒಳ್ಳೆಯದು. 2022ರಲ್ಲಿ ಚರ್ಮಗಂಟು ರೋಗ ಹಬ್ಬಿದಾಗ ರಾಜ್ಯದ ಹಲವೆಡೆ ಜಾನುವಾರು ಜಾತ್ರೆಗಳನ್ನು ನಿಷೇಧಿಸಲಾಗಿತ್ತು.

ಉತ್ತರ: ಹೊಳೆನರಸೀಪುರದಿಂದ

ತೇರಿನ ದಿನ ಬಿಟ್ಟು ಬನ್ನಿ ಎಂಬ ಮಾತು ಹಿರಿಯರಿಗೆ ಒಪ್ಪಿಗೆಯಾಗಲಾರದು. ಷಷ್ಠಿಯ ಹರಕೆಯನ್ನು ಷಷ್ಠಿಯಂದೇ ತೀರಿಸಬೇಕೆಂದು ನಮ್ಮ ತಾಯಿಯವರೂ ಪಟ್ಟು ಹಿಡಿಯುತ್ತಿದ್ದರು. ನಮ್ಮ ತಾತನ ಕಾಲದವರು ಗಾಡಿ ಕಟ್ಟಿಕೊಂಡು ಹಿಂದಿನ ಸಂಜೆಯೇ ಬಂದು, ಹೊಳೆದಂಡೆಯಲ್ಲಿ ಒಲೆ ಹೂಡಿ, ಮರುದಿನ ತೇರು ನೋಡಿ, ಆ ರಾತ್ರಿಯೂ ಅಲ್ಲೇ ಮಲಗಿ ಹೊರಡುತ್ತಿದ್ದರಂತೆ. ನಾವು ಅದೇ ಜಾತ್ರೆಯನ್ನು ಕಾರಿನಲ್ಲಿ ಒಂದು ಹಗಲಿಗೆ ಮುಗಿಸುತ್ತೇವೆ, ದಣಿಯದೆ ಇರುವುದು ಹೇಗೆ? ಅತ್ತೆಯವರನ್ನು ಒಬ್ಬರ ಜೊತೆಮಾಡಿ ಹಿಂದಿನ ದಿನವೇ ಪರಿಚಿತರ ಮನೆಗೆ ಕಳುಹಿಸಿಬಿಡಿ. ಮಾತ್ರೆ ನುಂಗುವವರಾದರೆ ಉಪವಾಸದ ಬಗ್ಗೆ ವೈದ್ಯರನ್ನು ಕೇಳಿ. ನಮ್ಮ ತಾಯಿಯವರು ಹಾಲು ಹಣ್ಣಿಗೆ ಒಪ್ಪಿದ್ದು ವೈದ್ಯರು ಹೇಳಿದ ಮೇಲೆಯೇ, ನಮ್ಮ ಮಾತಿಗಲ್ಲ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ವಂದನೆಗಳು. ಅರಕಲಗೂಡಿನಲ್ಲಿ ಅತ್ತೆಯವರ ತಂಗಿಯ ಮನೆಯಿರುವುದು ಹೋದ ವರ್ಷ ನಮಗೆ ಹೊಳೆದಿರಲೇ ಇಲ್ಲ. ಅತ್ತೆಯವರೂ ನಾನೂ ಹಿಂದಿನ ದಿನವೇ ಅಲ್ಲಿಗೆ ಹೋಗಿ, ಷಷ್ಠಿಯಂದು ಬೆಳಗಿನ ಮೊದಲ ಬಸ್ಸಿಗೆ ಹೊರಟು, ಹೆಡೆ ಒಪ್ಪಿಸಿ ತೇರು ನೋಡಿಕೊಂಡು ಹಿಂದಿರುಗುವುದೆಂದು ನಿಶ್ಚಯಿಸಿದ್ದೇವೆ. ಮಗ, ಯಜಮಾನರು ಮತ್ತು ಉಳಿದವರು ಮುಂದಿನ ವಾರ ಬೇರೆಯಾಗಿ ಹೋಗುತ್ತಾರೆ. ನಾದಿನಿ ಮಾತ್ರ ಎರಡೂ ದಿನ ಬರುತ್ತೇನೆಂದು ಹೇಳುತ್ತಿದ್ದಾಳೆ.